ಗೋಡೆಗೆ ತಿರುಗಿದ ಕುದುರೆ

ಮಸಣಕ್ಕೆ ಹಾಕಿಕೊಂಡು ಹೋಗಿದ್ದ ಕರಿಯ ಕೋಟನ್ನೂ ಬಿಚ್ಚದೆ ವಿನಿ ತಮ್ಮ ಪಬ್ಬಿನಲ್ಲಿ ಮತ್ತೊಂದು ಲೋಟಕ್ಕೆ ಬಿಯರ್ ಬಗ್ಗಿಸುತ್ತಿದ್ದಳು. ಗಂಡ ಜೇಬೆಜ್‌ನನ್ನು ಮಣ್ಣು ಮಾಡಿ ಬಂದ ದಿನವಾದರೂ ತನಗೊಂದು ಕುರ್ಚಿ ಸಿಕ್ಕೀತು ಎಂದುಕೊಂಡಿದ್ದಳು. ಬಾಯಾರಿದವರಿಗೆ ಯಾರ ಸಾವು ಅಡ್ಡ ಬಂದೀತು!

"ಏನಮ್ಮಾ ವಿನಿ, ಜೇಬೆಜ್ ಇದ್ದಿದ್ರೆ ಇಷ್ಟು ನೊರೆ ಬಿಡ್ತಿರ್ಲಿಲ್ಲ," ಎಂದ ನಾರ್ಮನ್. ಕೆಲಸ ಬಿಟ್ಟಾಗಿನಿಂದ ದಿನವೂ ಅದೇ ಮೂಲೆಯಲ್ಲಿ ಕೂರುವ ಪೋಸ್ಟ್‌ಮನ್ ಅವನು.

"ಜೇಬೆಜ್ ಇದ್ದಿದ್ರೆ ನಿಂಗೆ ಪುಕ್ಕಟೆ ಬಿಯರೂ ಸಿಕ್ತಿರ್ಲಿಲ್ಲ. ಸುಮ್ನೆ ಕುಡಿ."

ಪಬ್ಬಿನ ಸೂರಿಗೆ ಕೆಂಪು ಬಿಳಿ ಪಟ್ಟೆಯ ಡೇರೆ ಬಟ್ಟೆ ಕಟ್ಟಿತ್ತು. ಗೋಡೆಯುದ್ದಕ್ಕೂ ಬಣ್ಣದ ಬಲ್ಬು. ಅಗ್ಗಿಷ್ಟಿಕೆಯ ಪಕ್ಕದಲ್ಲಿ, ಗೋಡೆಗೆ ಒತ್ತಿಕೊಂಡು, ಜಾತ್ರೆಯಲ್ಲಿ ಜನ ಹತ್ತಿ ಕೂತು ಸುತ್ತುವ ತಿರುಗಣಿಯ ಮರದ ಕುದುರೆ. ರಾತ್ರಿ ಬಾಗಿಲು ಹಾಕುವ ಹೊತ್ತಿಗೆ ಜೇಬೆಜ್ ಎಲ್ಲ ಪಬ್ಬಿನವರಂತೆ ಗಂಟೆ ಬಾರಿಸುತ್ತಿರಲಿಲ್ಲ. "ಕೊನೇ ಸುತ್ತು! ಹತ್ತೋರು ಹತ್ಕೊಳ್ಳಿ, ಕೊನೇ ಸುತ್ತು!" ಎಂದು, ಹಿಂದೆ ಜಾತ್ರೆಯಲ್ಲಿ ತಿರುಗಣಿ ನಡೆಸುವಾಗ ಕೂಗಿದಂತೆಯೇ ಕೂಗುತ್ತಿದ್ದ. ಊರಿನವರಿಗೆ ಅದೊಂದು ಮೋಜು.

ಜಾತ್ರೆಯವರಿಗೆ ಮಾತ್ರ ಆ ಕುದುರೆ ನಗೆಪಾಟಲಾಗಿತ್ತು. ತಿರುಗಣಿಯ ಕುದುರೆಗೆ ಎರಡು ಪಕ್ಕ. ಜನ ನೋಡುವ ಪಕ್ಕಕ್ಕೆ ಚಿನ್ನದ ರೇಕು, ಗುಲಾಬಿ, ಬಳ್ಳಿ. ನಡುವಿನ ಕಂಬದ ಕಡೆಗಿರುವ ಪಕ್ಕಕ್ಕೆ ಬರಿಯ ಕಂದು ಬಣ್ಣ. ತಿರುಗಣಿಯಲ್ಲೇ ಹುಟ್ಟಿ ಬೆಳೆದ ಜೇಬೆಜ್ ಚಿನ್ನದ ಪಕ್ಕವನ್ನು ಗೋಡೆಗೆ ತಿರುಗಿಸಿ, ಕಂದು ಪಕ್ಕವನ್ನು ಜನರಿಗೆ ತೋರಿಸಿದ್ದ. "ಪಬ್ ಹಾಕಿದ್ಮೇಲೆ ಅವನಿಗೆ ಒಳಗೂ ಹೊರಗೂ ಮರೆತುಹೋಗಿದೆ," ಎಂದು ಅವನ ತಮ್ಮ ಸೈಲಸ್ ಊರೂರಿನ ಜಾತ್ರೆಯಲ್ಲೂ ಆಡಿಕೊಂಡಿದ್ದನಂತೆ.

ಆ ಸೈಲಸ್ ಈಗ ಹೊಸಿಲಲ್ಲಿ ನಿಂತಿದ್ದ. ಬೆಳಿಗ್ಗೆ ಅಣ್ಣನ ಪೆಟ್ಟಿಗೆಗೆ ಹೆಗಲು ಕೊಟ್ಟಿದ್ದನೇ ಹೊರತು ವಿನಿಯೊಂದಿಗೆ ತುಟಿ ಬಿಚ್ಚಿರಲಿಲ್ಲ.

"ಕುದುರೆ ತಗೊಂಡು ಹೋಗೋಕೆ ಬಂದಿದ್ದೀನಿ, ಅತ್ತಿಗೆ."

"ಇಪ್ಪತ್ತೆರಡು ವರ್ಷ ಆದ್ಮೇಲೆ ನಮ್ಮ ಹೊಸಿಲು ತುಳೀತಿದ್ದೀಯ. ಅದೂ ಸ್ಪ್ಯಾನರ್ ಹಿಡ್ಕೊಂಡು."

"ಅದು ಅಪ್ಪನ ಕುದುರೆ. ಸಂಜೆ ಚೌಕದಲ್ಲಿ ಮೇ ಜಾತ್ರೆ ಶುರು. ಒಂದು ಕುದುರೆ ಕಮ್ಮಿ ಇಟ್ಕೊಂಡೇ ತಿರುಗಿಸ್ತಾ ಬಂದಿದ್ದೀನಿ."

*

ಇಪ್ಪತ್ತೆರಡು ವರ್ಷದ ಹಿಂದಿನ ಆ ಚಳಿಗಾಲ ವಿನಿಯ ಬೆನ್ನು ಕೈಕೊಟ್ಟಿತ್ತು. ಹುಟ್ಟಿದ್ದು ಊರಿನಲ್ಲಿ, ಬಾಳಿದ್ದು ಜಾತ್ರೆಯಿಂದ ಜಾತ್ರೆಗೆ ಅಲೆಯುವ ಗಂಡನ ಬಂಡಿಯಲ್ಲಿ. ಕೆಸರಿನಲ್ಲಿ ಹಲಗೆ ಹೊತ್ತು, ಬೆಳಗಿನ ಮಂಜಿನಲ್ಲಿ ನೀರು ಸೇದಿ ಸಾಕಾಗಿಹೋಗಿತ್ತು. ಒಂದು ದಿನ ಬಂಡಿಯ ಮೆಟ್ಟಿಲ ಮೇಲೆ ಕುಸಿದು ಕೂತವಳು, "ನನ್ನಿಂದ ಇನ್ನು ಆಗಲ್ಲ, ಜೇಬೆಜ್," ಎಂದಳು.

ಅವನು ಬೂಟಿನ ಕೆಸರು ಕೆರೆಯುತ್ತಲೇ, "ನನ್ನಿಂದಲೂ ಆಗಲ್ಲ. ನಾನೂ ದಣಿದಿದ್ದೀನಿ. ನೀನೇ ಮೊದಲು ಹೇಳಲಿ ಅಂತ ಕಾಯ್ತಿದ್ದೆ," ಎಂದ.

ತಿರುಗಣಿಯಲ್ಲಿದ್ದ ಪಾಲನ್ನು ತಮ್ಮನಿಗೆ ಬಿಟ್ಟುಕೊಟ್ಟು, ಒಂದೇ ಒಂದು ಕುದುರೆಯನ್ನು ತನಗೆಂದು ತಂದು ಇಲ್ಲಿ ಪಬ್ ಹಾಕಿದ. ಬೆನ್ನು ತೋರಿಸಿ ಹೋದವನೆಂದು ಸೈಲಸ್ ಅಂದಿನಿಂದ ಮಾತು ಬಿಟ್ಟ. ಆದರೂ ವಿನಿ ನೆಮ್ಮದಿಯಾಗಿದ್ದಳು. ಅವನೂ ದಣಿದಿದ್ದ, ತನಗೋಸ್ಕರ ಅವನು ಏನನ್ನೂ ಕಳೆದುಕೊಳ್ಳಲಿಲ್ಲ ಎಂಬುದು ಅವಳ ನಂಬಿಕೆ. ಆ ಒಂದು ಮಾತಿನ ಮೇಲೆ ಅವಳ ಅಷ್ಟೂ ವರ್ಷ ನಿಂತಿತ್ತು.

*

"ಬೋಲ್ಟು ತುಕ್ಕು ಹಿಡಿದಿರತ್ತೆ. ಗೋಡೆ ಕಿತ್ತು ಬಂದ್ರೆ ಬೈಬೇಡ," ಎಂದು ಸೈಲಸ್ ಕೋಟು ಕಳಚಿ ಸ್ಪ್ಯಾನರಿಗೆ ಮೈಭಾರ ಹಾಕಿದ. ಬೋಲ್ಟು ಬೆಣ್ಣೆಯಲ್ಲಿದ್ದಂತೆ ಜಾರಿತು. ಅವನು ಮುಗ್ಗರಿಸಿದ. ಯಾರೋ ನಕ್ಕರು. ಅವನು ಬೆರಳು ಮೂಸಿ ನೋಡಿದ.

"ಎಣ್ಣೆ. ಹೊಸ ಎಣ್ಣೆ."

ನಾಲ್ಕು ಜನ ಸೇರಿ ಕುದುರೆಯನ್ನು ಗೋಡೆಯಿಂದ ಸರಿಸಿದರು. ಹಿಂದಿನಿಂದ ಮೆತ್ತನೆಯ ಕಂಬಳಿಯೊಂದು ಜಾರಿ ಬಿತ್ತು. ಅದರಡಿ ಚಿನ್ನದ ರೇಕು ಫಳಫಳ ಎಂದಿತು. ಗುಲಾಬಿಗಳಿಗೆ ನಿನ್ನೆ ಬಳಿದಂಥ ಕೆಂಪು. ಒಂದು ಗೀರಿಲ್ಲ, ಪಬ್ಬಿನ ಹೊಗೆಯ ಒಂದು ಕಲೆಯಿಲ್ಲ.

"ಪ್ರತಿ ವರ್ಷ ಜನವರಿಯಲ್ಲಿ ನೀನು ಅಕ್ಕನ ಮನೆಗೆ ಹೋಗ್ತಿದ್ಯಲ್ಲ," ಎಂದ ನಾರ್ಮನ್ ಮೆಲ್ಲಗೆ. "ಆ ವಾರ ಇವನು ಬಾಗಿಲು ಹಾಕ್ಕೊಂಡಿರ್ತಿದ್ದ. ಬಡಿದ್ರೂ ತೆಗೀತಿರ್ಲಿಲ್ಲ. ವಾರ್ನಿಷ್ ವಾಸನೆ ಬೀದಿಗೆ ಬರ್ತಿತ್ತು."

"ನನ್ನ ಹತ್ರ ಪಬ್ ಬಿಟ್ಟು ಬರೋಕಾಗಲ್ಲ ಅಂತಿದ್ದ," ಎಂದಳು ವಿನಿ. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಸಿಟ್ಟು ಬಂತು. ಬೆಳಿಗ್ಗೆ ಮಣ್ಣು ಹಾಕುವಾಗಲೂ ಬಾರದ ಅಳು ಆ ಸಿಟ್ಟಿನ ಜೊತೆಗೇ ಬಂತು.

"ಸುಳ್ಳುಗಾರ. ದಣಿದಿದ್ದೀನಿ ಅಂದಿದ್ದ. ನೋಡು, ಅಷ್ಟು ವರ್ಷವೂ ಹೊರಡೋಕೆ ಸಿದ್ಧವಾಗೇ ಇದ್ದ."

ಸೈಲಸ್ ಗುಲಾಬಿಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. ತಾನು ಊರೂರಲ್ಲಿ ಆಡಿಕೊಂಡಂತೆ ಅಣ್ಣ ಒಳಗೂ ಹೊರಗೂ ಮರೆತಿರಲಿಲ್ಲ, ಈ ಪಕ್ಕವನ್ನು ಕಾಪಾಡಿಕೊಂಡಿದ್ದ.

"ಸಿದ್ಧವಾಗಿದ್ದ," ಎಂದ ಸೈಲಸ್. "ಹೊರಡಲಿಲ್ಲವಲ್ಲ, ಅತ್ತಿಗೆ."

ವಿನಿ ಕೋಟಿನ ತೋಳಿನಲ್ಲೇ ಮುಖ ಒರೆಸಿಕೊಂಡಳು.

"ತಗೊಂಡು ಹೋಗು. ಸಂಜೆಗೆ ತಿರುಗಲಿ ಅದು."

"ಇಲ್ಲೇ ಇರಲಿ ಬಿಡು. ಈ ಪಕ್ಕ ಹೊರಗೆ ಮಾಡಿ ನಿಲ್ಲಿಸ್ತೀನಿ."

"ನಿಂಗೇನು ಕಿವುಡಾ? ಗೋಡೆ ಕಾಯೋಕೆ ಅಂತ ಮೆರುಗು ಕೊಟ್ಟಿದ್ನಾ ಅವನು? ಎತ್ತು."

ಎತ್ತಿದರು. ಬಾಗಿಲಲ್ಲಿ ಸಿಕ್ಕಿಕೊಂಡಿತು. ಚಾಚಿದ ಮುಂಗಾಲು ಹೇಗೆ ತಿರುಗಿಸಿದರೂ ಹಾಯಲಿಲ್ಲ. ಕೊನೆಗೆ ಸೈಲಸ್ ಕೀಲಿನ ತಿರುಪುಗಳನ್ನು ಬಿಚ್ಚಿ, ಓಕ್ ಮರದ ಆ ಭಾರೀ ಬಾಗಿಲನ್ನೇ ಕಳಚಿ ಹೊರಗೋಡೆಗೆ ಒರಗಿಸಿದ. ಕುದುರೆ ಬೀದಿಗಿಳಿಯಿತು. ಬಿಸಿಲು ಬಿದ್ದ ಚಿನ್ನವನ್ನು ಕಂಡು ಎದುರು ಸಾಲಿನ ಅಂಗಡಿಯವರು ಹೊರಗೆ ಬಂದರು.

"ಅಲ್ಲಿ ಇಳಿಸಿ ಬಂದು ಬಾಗಿಲು ಕೂರಿಸ್ತೀನಿ, ಅತ್ತಿಗೆ," ಎಂದು ಸೈಲಸ್ ಹೆಗಲ ಭಾರದಡಿಯಿಂದಲೇ ಕೂಗಿದ.

"ಅವಸರ ಇಲ್ಲ."

ಒಳಗೆ ಯಾರೋ ಖಾಲಿ ಲೋಟ ಎತ್ತಿ ತೋರಿಸಿದರು.

"ನೀವೇ ಬಗ್ಗಿಸ್ಕೊಳ್ಳಿ," ಎಂದಳು ವಿನಿ. ಗಿರಾಕಿಗಳ ಕುರ್ಚಿಯೊಂದನ್ನು ಎಳೆದು ಹೊಸಿಲಿಗೆ ಹಾಕಿ ಕೂತಳು. ಬೂಟು ಕಳಚಿ, ಊದಿದ ಕಾಲುಗಳನ್ನು ಬೀದಿಯ ಬಿಸಿಲಿಗೆ ಚಾಚಿದಳು. ಚೌಕದ ಕಡೆಯಿಂದ ಗಾಳಿ ಬೀಸಿತು. ಹುರಿಯುವ ಈರುಳ್ಳಿಯ ವಾಸನೆಯೂ, ಇನ್ನೂ ಶ್ರುತಿ ಕೂಡದ ತಿರುಗಣಿಯ ವಾದ್ಯದ ಸದ್ದೂ ಬಾಗಿಲಿಲ್ಲದ ಪಬ್ಬಿನ ಒಳಗೆ ನೇರವಾಗಿ ನುಗ್ಗಿದವು. ತಲೆಯ ಮೇಲಿನ ಡೇರೆ ಬಟ್ಟೆ ಪಟಪಟ ಹೊಡೆದುಕೊಳ್ಳತೊಡಗಿತು.