ಊರೂರು ಸುತ್ತುವ ಪ್ರಯೋಗಾಲಯ

ನಮ್ಮ ಜಿಲ್ಲೆಯ ಶಾಲೆಗಳಿಗೆಲ್ಲ ಸೇರಿ ಇರೋದು ಒಂದೇ ಪ್ರಯೋಗಾಲಯ. ಅದು ಇರೋದು ನನ್ನ ಟೆಂಪೋದಲ್ಲಿ. ನಗಬೇಡಿ, ನಿಜ ಹೇಳ್ತಿದ್ದೀನಿ. ಕಾಗದದ ಮೇಲೆ ಪ್ರತಿ ಶಾಲೆಗೂ ಒಂದೊಂದಿದೆ. ಹೊರದೇಶದ ಬ್ಯಾಂಕಿನವರು ಸಾಲ ಕೊಟ್ಟರಂತೆ, ಸರ್ಕಾರ ತಗೊಂಡಿತಂತೆ, ಗುತ್ತಿಗೆದಾರ ಸಾಮಾನು ಒದಗಿಸಿದನಂತೆ. ಎಲ್ಲಾ ಅಂತೆಕಂತೆ. ಕಣ್ಣಿಗೆ ಕಾಣೋ ಹಾಗೆ ಬಂದದ್ದು ಒಂದು ಗಾಡಿ ತುಂಬೋವಷ್ಟು ಸಾಮಾನು. ತಪಾಸಣೆ ಸಾಹೇಬರು ಯಾವ ಶಾಲೆಗೆ ಹೋಗ್ತಾರೋ ಆ ಶಾಲೆಗೆ ನಾನು ಒಂದು ದಿನ ಮೊದಲೇ ಹೋಗಿ ಇಳಿಸಬೇಕು. ಅವರು ನೋಡಿ, ತಲೆಯಾಡಿಸಿ, ಬರೆದುಕೊಂಡು ಹೋದಮೇಲೆ ಮತ್ತೆ ಹೇರಿಕೊಂಡು ಮುಂದಿನ ಶಾಲೆಗೆ ಓಡಬೇಕು. ಅವರ ಜೀಪು ದೊಡ್ಡ ರಸ್ತೆಯಲ್ಲಿ, ನನ್ನ ಟೆಂಪೋ ಒಳದಾರಿಯಲ್ಲಿ.

ಹಿಂದೆ ಪೆಟ್ಟಿಗೆಗಳು, ಒಂದು ಮೈಕ್ರೋಸ್ಕೋಪು, ಗಾಜಿನ ಸಾಮಾನು, ಮಡಚೋ ಮೇಜು. ಪ್ಲಾಸ್ಟಿಕ್ಕಿನ ಅಸ್ಥಿಪಂಜರ ಮಾತ್ರ ಹಿಂದೆ ಹಿಡಿಸ್ತಿರಲಿಲ್ಲ, ಅದಕ್ಕೆ ನನ್ನ ಪಕ್ಕದ ಸೀಟು. ಹಗ್ಗ ಬಿಗಿದು ಕೂರಿಸ್ತಿದ್ದೆ. ಟೀ ಅಂಗಡಿಯವನು ನೋಡಿದಾಗಲೆಲ್ಲ, "ಏನಣ್ಣ, ಭಾವ ಸೊರಗಿಬಿಟ್ಟಿದ್ದಾರೆ, ನಿಮ್ಮನೇಲಿ ಊಟ ಸರಿಯಾಗಿ ಹಾಕಲ್ವಾ?" ಅಂತ ಛೇಡಿಸ್ತಿದ್ದ. ಆಮೇಲೆ ನಾನೂ ಅದಕ್ಕೆ ಭಾವ ಅಂತಲೇ ಕರೆಯೋಕೆ ಶುರು ಮಾಡಿದೆ. ಒಂದು ಗುಂಡಿ ಹಾರಿದಾಗ ಭಾವನ ಎಡಗೈ ಬೆರಳು ಮುರೀತು. ಸಾಹೇಬರಿಗೆ ಗೊತ್ತಾಗಲ್ವಾ ಅಂತ ಕೇಳ್ತೀರಿ. ಅದೇ ಮುರಿದ ಬೆರಳನ್ನ ಶಾಲೆಶಾಲೆಯಲ್ಲೂ ನೋಡಿದ ಮನುಷ್ಯನಿಗೆ ಗೊತ್ತಾಗದೇ ಇರುತ್ತಾ? ಗೊತ್ತಾಗಬಾರದು ಅಂತ ಮೊದಲೇ ತೀರ್ಮಾನ ಆಗಿದ್ದರೆ ಏನೂ ಗೊತ್ತಾಗಲ್ಲ.

ನನಗೂ ಗೊತ್ತಿತ್ತು. ಗೊತ್ತಿದ್ದೇ ಓಡಿಸಿದೆ. ರಸ್ತೆ ಕೆಲಸ ನಿಂತು, ಸಿಮೆಂಟ್ ಲೋಡು ನಿಂತು, ಊರಿನ ಟೆಂಪೋಗಳೆಲ್ಲ ನಿಂತಲ್ಲೇ ತುಕ್ಕು ಹಿಡೀತಿದ್ದಾಗ ನನ್ನ ಒಂದು ಗಾಡಿಗೆ ಬಿಡುವಿರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ಸ್ಟೇರಿಂಗ್ ಹಿಡಿದಿದ್ದೆ. ಗುತ್ತಿಗೆದಾರ ಹೇಳಿದ್ದೂ ಅಷ್ಟೇ: "ಪೆಟ್ಟಿಗೆ ಬಿಚ್ಚಬೇಡ. ಒಂದು ಗಾಜು ಒಡೆದರೂ ಮಾರನೇ ದಿನದಿಂದ ಬೇರೆ ಗಾಡಿ."

ಇನ್ನು ನನ್ನ ಮಗಳು. ಹುಟ್ಟಿದಾಗಿನಿಂದ ಅದ್ಯಾಕೆ, ಇದ್ಯಾಕೆ ಅಂತ ಪ್ರಾಣ ತಿನ್ನೋಳು, ಅದಕ್ಕೇ ಅವಳಮ್ಮ ಅವಳಿಗೆ ಪ್ರಶ್ನೆಪತ್ರಿಕೆ ಅಂತ ಹೆಸರಿಟ್ಟಿದ್ದಳು. ನಮ್ಮೂರ ಸರ್ಕಾರಿ ಶಾಲೆಯಲ್ಲೇ ಹತ್ತು ಮುಗಿಸಿ, ಅಲ್ಲೇ ಮೇಲಿನ ತರಗತಿಗೆ ವಿಜ್ಞಾನ ವಿಭಾಗ ಸೇರಿದ್ದಳು. ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡ್ತಾರಲ್ಲ, ಆ ಕೆಲಸ ಕಲೀಬೇಕು ಅಂತ ಅವಳ ಆಸೆ. ಅವಳಮ್ಮನಿಗೆ ಜ್ವರ ಬಿಡದೇ ಹೋದಾಗ ನಾವು ಆಸ್ಪತ್ರೆಯ ಬೆಂಚಿನ ಮೇಲೆ ಕಾದೂ ಕಾದೂ ಸಾಕಾಗಿ, ಪರೀಕ್ಷೆ ಮಾಡೋವರೇ ಇಲ್ಲ ಅಂತ ವಾಪಸ್ ಬಂದಿದ್ವಿ. ಅವತ್ತೇ ಅಂದಿದ್ದಳು, "ಆ ಖಾಲಿ ಕುರ್ಚಿ ನನಗೇ ಇರಲಿ ಬಿಡಪ್ಪ" ಅಂತ.

ಆದರೆ ಅವಳ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು ಅಂತ ಇದ್ದವರು ವರ್ಗ ಆಗಿ ಹೋಗಿ, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಡ್ರಿಲ್ ಮೇಷ್ಟ್ರು ಪುಸ್ತಕ ಓದಿಸ್ತಿದ್ದರು. ಚಿತ್ರಗಳನ್ನ ಬೋರ್ಡಿನ ಮೇಲೆ ಹೆಡ್‌ಮೇಷ್ಟ್ರೇ ಬರೀತಿದ್ದರು, ಪಾಪ, ಅವರು ಭಾಷೆಯ ಮೇಷ್ಟ್ರು. ಈ ಸಲ ತಪಾಸಣೆ ಬೇರೆ ಥರ ಅಂತ ಸುದ್ದಿ ಬಂತು. ಸರ್ಕಾರದ ಹತ್ತಿರ ದುಡ್ಡಿಲ್ಲ, ಸಾಲ ಕೊಟ್ಟವರು ಲೆಕ್ಕ ಕೇಳ್ತಿದ್ದಾರೆ, ಎಲ್ಲಿ ಮಕ್ಕಳು ಹಿಂದಿದ್ದಾರೋ ಅಲ್ಲಿನ ವಿಜ್ಞಾನ ವಿಭಾಗ ಮುಚ್ಚಿ ಪಟ್ಟಣದ ಶಾಲೆಗೆ ಸೇರಿಸ್ತಾರೆ ಅಂತ. ಪಟ್ಟಣಕ್ಕೆ ಬೆಳಗಿನ ಬಸ್ಸು ನಿಂತು ಯಾವ ಕಾಲ ಆಯ್ತೋ. ಹೆಣ್ಣುಮಗಳನ್ನ ಅಲ್ಲಿ ರೂಮು ಮಾಡಿ ಇಡೋ ತಾಕತ್ತು ನನಗೆಲ್ಲಿಂದ ಬರಬೇಕು? ನಮ್ಮ ಶಾಲೆಯ ವಿಭಾಗ ಉಳಿದರೆ ಅವಳ ಓದು, ಇಲ್ಲದಿದ್ದರೆ ಇಲ್ಲ.

ಅವಳ ಶಾಲೆಯ ಸರದಿ ಬರೋ ಹಿಂದಿನ ಸಂಜೆ ಟೆಂಪೋ ಮನೆ ಮುಂದೆ ನಿಂತಿತ್ತು. ಅವಳು ಬಂದು ಹಿಂದಿನ ಬಾಗಿಲಿಗೆ ಒರಗಿ ನಿಂತಳು.

"ಅಪ್ಪ, ಆ ಮೈಕ್ರೋಸ್ಕೋಪು ಒಂದೇ ಒಂದ್ಸಲ ತೋರಿಸು. ಪುಸ್ತಕದಲ್ಲಿ ಬಿಟ್ಟರೆ ನಾನು ಎಲ್ಲೂ ನೋಡಿಲ್ಲ."

"ಸುಮ್ನಿರೇ. ಗಾಜು ಒಡೆದರೆ ನಿನ್ನಪ್ಪನ ಅನ್ನ ಹೋಗ್ತದೆ."

"ಮುಟ್ಟಲ್ಲ. ಬರೀ ಕಣ್ಣಿಡ್ತೀನಿ."

"ನಾಳೆ ನಿನ್ನ ಶಾಲೆಗೇ ಬರ್ತದಲ್ಲ, ಅಲ್ಲೇ ಕಣ್ಣು ತುಂಬ ನೋಡು."

ಅವಳು ಮುಖ ಸಪ್ಪೆ ಮಾಡಿಕೊಂಡು ಒಳಗೆ ಹೋದಳು. ನನಗೂ ಪಿಚ್ಚೆನ್ನಿಸಿತು. ಆದರೂ ಬಿಚ್ಚಲಿಲ್ಲ.

ಸಾಹೇಬರು ನಮ್ಮ ಶಾಲೆಗೆ ಮಧ್ಯಾಹ್ನ ಬರೋದಿತ್ತು. ನಮ್ಮೂರೇ ಆದ್ದರಿಂದ ನಾನು ಬೆಳಿಗ್ಗೆಯೇ ಇಳಿಸಿದೆ. ಖಾಲಿ ಉಗ್ರಾಣದ ಕೋಣೆ ಗುಡಿಸಿ, ಒಡೆದ ಬೆಂಚುಗಳನ್ನ ಹಿತ್ತಲಿಗೆ ಸಾಗಿಸಿ, ಬಾಗಿಲ ಮೇಲೆ ಪ್ರಯೋಗಾಲಯ ಅಂತ ಬೋರ್ಡು ನೇತುಹಾಕಿದ್ದರು. ಅದೂ ನನ್ನ ಟೆಂಪೋದ್ದೇ ಬೋರ್ಡು. ಹೆಡ್‌ಮೇಷ್ಟ್ರು ಮೈಕ್ರೋಸ್ಕೋಪನ್ನ ಎಳೇ ಕೂಸಿನ ಥರ ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟರು. ಈರುಳ್ಳಿಯ ತೆಳು ಪೊರೆ ಗಾಜಿನ ಮೇಲಿಟ್ಟು, ಕೊಳವೆಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಎದ್ದವರು, "ಅದ್ಭುತ" ಅಂದರು. ಆದರೆ ಮುಖದಲ್ಲಿ ಅದ್ಭುತ ಏನೂ ಕಾಣಲಿಲ್ಲ.

ಅವರು ಆಚೆ ಹೋದಾಗ ನಾನೂ ಬಗ್ಗಿ ಒಂದು ಕಣ್ಣಿಟ್ಟೆ. ಬೆಳ್ಳಗೆ, ದುಂಡಗೆ ಬೆಳಕು. ಅಷ್ಟೇ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅದೇ ಬೆಳಕು. ನನಗೆ ನಾಚಿಕೆಯಾಯ್ತು ನೋಡಿ. ಓದಿದವರಿಗೆ ಏನೇನೋ ಕಾಣ್ತದೆ, ನನ್ನಂಥ ಹೆಬ್ಬೆಟ್ಟಿಗೆ ಎಲ್ಲಿಂದ ಕಾಣಬೇಕು ಅಂದುಕೊಂಡು ಯಾರಿಗೂ ಹೇಳದೆ ಆಚೆ ಬಂದೆ.

ಸಾಹೇಬರು ಬಂದರು. ಕೆಟ್ಟ ಮನುಷ್ಯ ಅಂತೇನೂ ಹೇಳೋಕಾಗಲ್ಲ, ದಣಿದ ಮನುಷ್ಯ. ಕೋಣೆಯ ಸುತ್ತ ಕಣ್ಣಾಡಿಸಿ, ಭಾವನ ಕಡೆ ಒಂದು ನೋಟ ಹಾಯಿಸಿ, ಕುರ್ಚಿಯ ಮೇಲೆ ಕುಸಿದರು. "ಒಂದು ಮಗುವನ್ನ ಕರೀರಿ. ಏನು ಕಾಣ್ತದೆ ಅಂತ ಹೇಳಲಿ" ಅಂದರು. ಹೆಡ್‌ಮೇಷ್ಟ್ರು ನನ್ನ ಮಗಳನ್ನ ಕರೆದರು. ಎಲ್ಲರಿಗಿಂತ ಚುರುಕು ಅವಳೇ ತಾನೆ. ನಾನು ಕಿಟಕಿಯ ಹೊರಗೆ ನಿಂತಿದ್ದೆ.

ಇಲ್ಲೊಂದು ಮಾತು ಹೇಳಲೇಬೇಕು. ಏನು ಕಾಣಬೇಕು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೋರ್ಡಿನ ಮೇಲಿನ ಚಿತ್ರ ಅವಳಿಗೆ ಬಾಯಿಪಾಠ. ಗೋಡೆಗೆ ಇಟ್ಟಿಗೆ ಜೋಡಿಸಿದ ಹಾಗೆ ಜೀವಕೋಶಗಳು, ಒಂದೊಂದರೊಳಗೂ ಒಂದು ಚುಕ್ಕಿ. ಮನೇಲಿ ನನಗೂ ಬರೆದು ತೋರಿಸಿದ್ದಳು. ಬಾಯಿ ತೆಗೆದು ಅಷ್ಟು ಹೇಳಿದ್ದರೆ ಮುಗಿದಿತ್ತು.

ಅವಳು ಬಗ್ಗಿದಳು. ನೋಡಿದಳು. ಪಕ್ಕದ ತಿರುಗಣಿ ತಿರುಗಿಸಿ ನೋಡಿದಳು. ಕನ್ನಡಿ ಬೆಳಕಿನ ಕಡೆ ಹೊರಳಿಸಿ ನೋಡಿದಳು. ಆಸೆಯಿಂದ ನೋಡಿದಳು ನನ್ನ ಕೂಸು. ಆಮೇಲೆ ತಲೆಯೆತ್ತಿ, "ಬರೀ ಬೆಳಕು ಕಾಣ್ತಿದೆ ಸರ್. ಬೇರೆ ಏನೂ ಕಾಣ್ತಿಲ್ಲ" ಅಂದಳು.

"ಸರಿಯಾಗಿ ನೋಡಮ್ಮ."

"ನೋಡಿದೆ ಸರ್. ಏನೂ ಇಲ್ಲ."

ಸಾಹೇಬರು ಎದ್ದು ತಾವು ನೋಡಲಿಲ್ಲ. ನಿಟ್ಟುಸಿರು ಬಿಟ್ಟು ಬರೆದುಕೊಂಡರು, ಬರೀತಾ ಬಾಯಲ್ಲೂ ಹೇಳಿದರು: "ಉಪಕರಣಗಳು ಸಮರ್ಪಕವಾಗಿವೆ. ಮಕ್ಕಳಿಗೆ ಬಳಸಲು ಬರುವುದಿಲ್ಲ." ಹೆಡ್‌ಮೇಷ್ಟ್ರು ಮಗಳ ಹತ್ತಿರ ಬಂದು ಮೆಲ್ಲಗೆ, "ಗೊತ್ತಿತ್ತಲ್ಲಮ್ಮ ನಿನಗೆ, ಅಂದುಬಿಡಬಾರದಿತ್ತಾ?" ಅಂದರು. ಅವಳ ಕಣ್ಣು ತುಂಬಿಕೊಂಡಿತು. ಹೊರಗೆ ಬಂದವಳೇ ನನ್ನ ಅಂಗಿ ಹಿಡಿದುಕೊಂಡಳು. "ನನಗೆ ಅದು ಬರಲ್ಲಪ್ಪ. ಎಲ್ಲರಿಗೂ ಕಾಣೋದು ನನ್ನ ಕಣ್ಣಿಗೆ ಕಾಣ್ಲಿಲ್ಲ."

ಆಗ ನನ್ನ ತಲೆಗೆ ಹೊಳೀತು. ಅವಳಿಗೂ ಬೆಳಕು, ನನಗೂ ಬೆಳಕು. ಅವಳು ಓದಿದವಳು, ನಾನು ಓದದವನು. ಇಬ್ಬರಿಗೂ ಒಂದೇ ಕಾಣಬೇಕಾದರೆ ತಪ್ಪು ಕಣ್ಣಿನದ್ದಾ?

ಎಲ್ಲರೂ ಟೀಗೆ ಪಕ್ಕದ ಕೋಣೆಗೆ ಹೋಗಿದ್ದರು. ನಾನು ಒಳಗೆ ನುಗ್ಗಿ ಮೈಕ್ರೋಸ್ಕೋಪು ಎತ್ತಿಕೊಂಡು, ಜೇಬಿನಲ್ಲಿದ್ದ ಸ್ಕ್ರೂಡ್ರೈವರನ್ನ ಕೊಳವೆಯ ಮೇಲಿಂದ ಇಳಿಬಿಟ್ಟೆ. ಸರ್ರನೆ ಇಳಿದು ಕೆಳಗಿನ ಬಾಯಲ್ಲಿ ತುದಿ ಕಾಣಿಸಿತು. ಲೆನ್ಸು ಇಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ನಲ್ಲಿ ಪೈಪಿನ ಹಾಗೆ ಖಾಲಿ ಕೊಳವೆ. ಇಷ್ಟು ದಿನ ಜೋಪಾನ ಮಾಡಿ, ಗುಂಡಿ ಬಂದಾಗಲೆಲ್ಲ ಉಸಿರು ಬಿಗಿ ಹಿಡಿದು ನಾನು ಸಾಗಿಸಿದ್ದು ಇದನ್ನ. ಮೈಯೆಲ್ಲಾ ಉರಿದುಹೋಯ್ತು. ಥೂ ಇವರ ಜನ್ಮಕ್ಕಿಷ್ಟು!

"ಬಾ" ಅಂತ ಮಗಳ ಕೈ ಹಿಡಿದು ಎಳಕೊಂಡು ಟೀ ಕುಡೀತಿದ್ದ ಕೋಣೆಗೆ ಹೋದೆ. "ಸರ್, ನನ್ನ ಮಗಳು ಹೇಳಿದ್ದೇ ನಿಜ. ಇದರಲ್ಲಿ ಲೆನ್ಸೇ ಇಲ್ಲ, ನೋಡಿ" ಅಂತ ಅವರ ಕಣ್ಣೆದುರಿಗೇ ಸ್ಕ್ರೂಡ್ರೈವರ್ ತೂರಿಸಿ ತೋರಿಸಿದೆ. ಮಗಳ ಮುಖ ಅರಳಿತು. ಆ ಒಂದು ಕ್ಷಣ ಅವಳು ನನ್ನ ಕಡೆ ನೋಡಿದ ನೋಟ ನಾನು ಸಾಯೋವರೆಗೂ ಮರೆಯಲ್ಲ.

ಸಾಹೇಬರು ಕಪ್ಪು ಕೆಳಗಿಟ್ಟರು. "ನೀನು ಯಾರು?"

"ಗಾಡಿಯವನು ಸರ್."

"ಯಾವ ಗಾಡಿ? ಈ ಸಾಮಾನು ಶಾಲೆಯದ್ದಲ್ವಾ?"

ಹೆಡ್‌ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ನಿವೃತ್ತಿ ಹತ್ತಿರವಿದ್ದ ಜೀವ ಅದು. ಪ್ರಯೋಗಾಲಯ ಕೊಡಿ ಅಂತ ಬರೆದೂ ಬರೆದೂ ಕೈಸೋತವರು. ಅವರು ನೆಲ ನೋಡಿಕೊಂಡು, "ಶಾಲೆಯದ್ದೇ ಸರ್. ರಿಪೇರಿಗೆ ಕಳಿಸಿದ್ವಿ. ಬೆಳಿಗ್ಗೆ ಇವರ ಗಾಡಿಯಲ್ಲಿ ವಾಪಸ್ ಬಂತು" ಅಂದರು.

"ಹಾಗೋ. ಇವನ ಗಾಡಿಯಲ್ಲಿ ಬಂತು, ಇವನ ಕೈಯಲ್ಲೇ ಸ್ಕ್ರೂಡ್ರೈವರ್ ಇದೆ, ಈಗ ಲೆನ್ಸು ಇಲ್ಲ ಅಂತಾನೆ." ಸಾಹೇಬರು ದನಿ ಏರಿಸಲೇ ಇಲ್ಲ. "ಲೆನ್ಸು ಇಲ್ಲದಿದ್ದರೆ ಪೊಲೀಸರಿಗೆ ಬರೆಯಬೇಕಾಗ್ತದೆ. ಸರ್ಕಾರಿ ಸಾಮಾನು. ಇದ್ದರೆ ಬರೆಯೋದೇನಿಲ್ಲ. ಇನ್ನೊಂದ್ಸಲ ನೋಡಿ ಹೇಳು. ಇದೆಯೋ, ಇಲ್ವೋ?"

ಪೊಲೀಸು ಅಂದರೆ ಗಾಡಿ ಠಾಣೆ ಅಂಗಳದಲ್ಲಿ, ನಾನು ಒಳಗೆ, ಮನೇಲಿ ಇನ್ನೂ ಜ್ವರ ಬಿಡದ ಹೆಂಡತಿ. ಮಗಳು ನನ್ನನ್ನೇ ನೋಡ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ. ಕೊಳವೆಗೆ ಕಣ್ಣಿಟ್ಟೆ. ಆ ಹಾಳು ಬೆಳಕು ಹಾಗೇ ಇತ್ತು.

"ಇದೆ ಸರ್," ಅಂದೆ. "ನನಗೆ ನೋಡೋಕೆ ಬರಲಿಲ್ಲ. ತಪ್ಪಾಯ್ತು."

"ಹೋಗಲಿ ಬಿಡು. ಓದಿಲ್ಲದವರು," ಅಂತ ಸಾಹೇಬರು ಕಪ್ಪು ಎತ್ತಿಕೊಂಡರು.

ಸಾಮಾನು ಹೇರುವಾಗ ಹೆಡ್‌ಮೇಷ್ಟ್ರು ಬಂದು ನಿಂತರು. ಪೆಟ್ಟಿಗೆಗೆ ಕೈ ಕೊಟ್ಟರು. ನಾನು ಅವರ ಮೇಲೆ ರೇಗಲಿಲ್ಲ. ಯಾವ ಮುಖ ಇಟ್ಕೊಂಡು ರೇಗಲಿ? ಅವರು ಮಾಡಿದ್ದನ್ನೇ ನಾನೂ ಮಾಡಿದ್ದೆ.

ಭಾವನನ್ನ ಸರಿಸಿ ಜಾಗ ಮಾಡಿದರೂ ಮಗಳು ನನ್ನ ಪಕ್ಕ ಕೂರಲಿಲ್ಲ. ಹಿಂದೆ ಪೆಟ್ಟಿಗೆಗಳ ನಡುವೆ ಕೂತಳು. ಮನೆ ಹತ್ತಿರ ಬಂದಾಗ ಹಿಂದಿನ ಕಿಂಡಿಯಿಂದ ಅವಳ ದನಿ ಕೇಳಿಸಿತು.

"ಅಪ್ಪ, ಲೆನ್ಸು ಇತ್ತಾ, ಇರಲಿಲ್ವಾ? ನನಗೊಬ್ಬಳಿಗೆ ಹೇಳು."

"ಇರಲಿಲ್ಲ ಮಗಳೇ."

ಅವಳು ಅಳ್ತಾಳೆ, ಬೈತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ. ಅವಳಮ್ಮ ಮಾತಾಡೋ ಥರ ದೊಡ್ಡವರ ದನಿಯಲ್ಲಿ ಕೇಳಿದಳು: "ನಾಳೆ ಯಾವ ಶಾಲೆಗೆ?"

ಹೇಳಿದೆ.

"ಅಲ್ಲಿ ಮಕ್ಕಳಿಗೆ ಮೊದಲೇ ಹೇಳಿಬಿಡು. ಸಾಹೇಬರು ಏನು ಕಾಣ್ತದೆ ಅಂತ ಕೇಳಿದರೆ, ಎಲ್ಲಾ ಕಾಣ್ತಿದೆ ಅನ್ನಿ ಅಂತ."

ನಮ್ಮ ಶಾಲೆಯ ವಿಭಾಗ ಮುಚ್ಚಿದರು. ಅವಳು ಈಗ ಬಟ್ಟೆ ಕಾರ್ಖಾನೆಯಲ್ಲಿ ಗುಂಡಿ ಹೊಲೀತಾಳೆ. ಆದರೆ ಅವಳು ಹೇಳಿದ್ದನ್ನ ನಾನು ನಡೆಸಿಕೊಟ್ಟೆ. ಮಾರನೇ ದಿನ ಪೆಟ್ಟಿಗೆ ಇಳಿಸುವಾಗಲೇ ಅಲ್ಲಿನ ಮಕ್ಕಳನ್ನ ಹತ್ತಿರ ಕರೆದು ಹೇಳಿದೆ. ಎರಡು ಜಡೆಯ ಒಬ್ಬ ಹುಡುಗಿ ಕೊಳವೆಗೆ ಕಣ್ಣಿಟ್ಟವಳೇ, ಕೇಳೋಕೆ ಮುಂಚೆಯೇ, "ಕಾಣ್ತಿದೆ ಸರ್, ಎಲ್ಲಾ ಕಾಣ್ತಿದೆ" ಅಂದುಬಿಟ್ಟಳು. ಸಾಹೇಬರು ಅವಳ ಬೆನ್ನು ತಟ್ಟಿದರು. ಆ ಶಾಲೆಯಲ್ಲಿ ವಿಜ್ಞಾನ ಈಗಲೂ ಇದೆ.