ಮೈಮೇಲಿನ ಹೆಸರು

ಮತ್ತೊಮ್ಮೆ ಕೇಳುವ ಹೊತ್ತಿಗೆ ಜಿಲಾನಿಸಾಬರ ದನಿ ಗಡುಸಾಗಿತ್ತು. "ಹೆಸರು ಹೇಳು. ಯಾರು ನೀ?"

ಆರ್ಜೂ ಕಣ್ಣು ತೆರೆಯಲಿಲ್ಲ. ಲೋಬಾನದ ಹೊಗೆಗೆ ಗಂಟಲು ಉರಿಯುತ್ತಿತ್ತು, ಬಿಚ್ಚಿದ ಕೂದಲು ಬೆವರಿಗೆ ಕೆನ್ನೆಗೆ ಅಂಟಿತ್ತು. ಮಸ್ಕಿಯ ಹೊರಗಿರುವ ಆ ಸಣ್ಣ ದರ್ಗಾಕ್ಕೆ ಗುರುವಾರ ಗುರುವಾರ ಸತ್ತವರು ಮೈಮೇಲೆ ಬಂದವರನ್ನು ಹಾಜರಿಗೆ, ಅಂದರೆ ಮೈಯಲ್ಲಿ ಕೂತವರನ್ನು ಮಾತಾಡಿಸಲು, ಕರೆತರುತ್ತಾರೆ. ದರ್ಗಾ ನೋಡಿಕೊಳ್ಳುವ ಮುಜಾವರ ಜಿಲಾನಿಸಾಬರು ಕೇಳುವುದು ಮೂರೇ ಪ್ರಶ್ನೆ: ಯಾರು, ಎಲ್ಲಿ ಬಿದ್ದಿದ್ದೀ, ಏನು ಬೇಕು. ಅವಳು ಮೂರು ದಿನ ಕನ್ನಡಿಯ ಮುಂದೆ ಕೂತು ಉತ್ತರ ಬಾಯಿಪಾಠ ಮಾಡಿದ್ದಳು. ಡಿಗ್ರಿ ಪರೀಕ್ಷೆಗೂ ಇಷ್ಟು ಓದಿದವಳಲ್ಲ.

"ದಾನಿಷ್," ಎಂದಳು, ದನಿ ದಪ್ಪ ಮಾಡಿ.

ಸಿಂಧನೂರಿನಲ್ಲಿ ಪಂಪ್‌ಸೆಟ್ ಮೋಟಾರುಗಳ ವೈಂಡಿಂಗ್ ಮಾಡುತ್ತಿದ್ದ ಹುಡುಗ ದಾನಿಷ್. ಎರಡು ವರ್ಷ ಇಬ್ಬರೂ ಯಾರಿಗೂ ಗೊತ್ತಾಗದಂತೆ ಕಾಲುವೆಯ ದಂಡೆಯಲ್ಲಿ ಕೂತು ಮಾತಾಡಿದ್ದರು. ಜನವರಿಯ ಒಂದು ಮಧ್ಯಾಹ್ನ ಬರುತ್ತೇನೆಂದವಳು ಹೋಗಲಿಲ್ಲ. ಕಾದು ಕಾದು ಮುಖ ತೊಳೆಯಲು ನೀರಿಗಿಳಿದವನು, ಆಚೆ ದಂಡೆಯವರು ನೋಡುತ್ತಿದ್ದಂತೆಯೇ ಜಾರಿದ. ಹೆಣ ಸಿಗಲಿಲ್ಲ. ಮನೆಯಲ್ಲಿ ಅಳುವುದಕ್ಕೂ ಅವಳಿಗೆ ದಾರಿಯಿರಲಿಲ್ಲ, ಯಾರಿಗಾಗಿ ಎಂದು ಕೇಳಿದರೆ ಏನು ಹೇಳುವುದು? ಅಷ್ಟರಲ್ಲಿ ಗಾದಿ ಹೊಲಿಯುವ ಅಪ್ಪ ಬಾಬುಸಾಬ್ ಲಿಂಗಸುಗೂರಿನ ಟಯರ್ ಅಂಗಡಿಯವರ ಮಗ ಪರ್ವೇಜ್‌ನೊಂದಿಗೆ ಮದುವೆಯ ಮಾತು ಮುಗಿಸಿದ್ದ. ಬೇಡ ಎಂದು ಅವಳು ಹೇಳದೆ ಇರಲಿಲ್ಲ, ಕೇಳಿಸಿಕೊಂಡವರಿರಲಿಲ್ಲ. ಬದುಕಿದ ಹುಡುಗಿಯ ಮಾತಿಗೆ ಇಲ್ಲದ ಬೆಲೆ ಸತ್ತವನ ಮಾತಿಗಾದರೂ ಇದ್ದೀತು ಎಂದುಕೊಂಡಳು, ಪಾಪ.

ಎರಡನೇ ಪ್ರಶ್ನೆಗೆ ಸಾಲಗುಂದದ ಹತ್ತಿರದ ಕಾಲುವೆ ಗೇಟಿನ ಹೆಸರು ಹೇಳಿದಳು. ಕಾಲುವೆಗೆ ಏನು ಬಿದ್ದರೂ ಕೊನೆಗೆ ಸಿಕ್ಕಿಕೊಳ್ಳುವುದು ಅಲ್ಲೇ ಎಂದು ದಾನಿಷ್‌ನೇ ಒಮ್ಮೆ ನಗುತ್ತಾ ಹೇಳಿದ್ದ. ಮೂರನೆಯದಕ್ಕೆ ಅವಳ ದನಿ ತಾನಾಗಿಯೇ ನಡುಗಿತು. "ಈಕಿ ನನ್ನಾಕಿ. ಯಾರಿಗೂ ಕೊಡಬ್ಯಾಡ್ರಿ."

ಪರ್ವೇಜ್‌ನ ಮನೆಯವರು ಎರಡೇ ದಿನಕ್ಕೆ ಹಿಂದೆ ಸರಿದರು. ಅವಳು ಗೆದ್ದಿದ್ದಳು.

ಆ ದರ್ಗಾದಲ್ಲಿ ಒಂದು ಕಟ್ಟಳೆಯಿದೆ. ಹಾಜರಿಯಲ್ಲಿ ಹೆಸರು ಹೇಳಿದ ಮೇಲೆ, ಬಂದವನು ಬಿಟ್ಟು ಹೋಗುವ ತನಕ ಹುಡುಗಿಯನ್ನು ಅವಳ ಹೆಸರಿನಿಂದ ಕರೆಯುವಂತಿಲ್ಲ. ಕರೆದರೆ ಎರಡು ಜೀವ ಗಂಟುಬಿದ್ದು ಮತ್ತೆ ಬಿಡಿಸಲು ಬರುವುದಿಲ್ಲವಂತೆ. ಹೀಗಾಗಿ ಮನೆಯವರೆಲ್ಲ ಅವಳನ್ನು ದಾನಿಷ್ ಎಂದೇ ಕರೆಯತೊಡಗಿದರು. ಮೊದಮೊದಲು ಅವಳಿಗೆ ಅದು ಹಿತವೇ ಆಗಿತ್ತು. ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಹೆಸರನ್ನು ಈಗ ಅಮ್ಮಿ ರಹೀಮಾಬೀ ಅಂಗಳದಲ್ಲಿ ನಿಂತು ಕೂಗುತ್ತಿದ್ದಳು. ಕರೆದಾಗಲೆಲ್ಲ ಅವನು ತನ್ನೊಳಗೆ ಹೊರಳಿ ಮಲಗಿದಂತೆ ಅನ್ನಿಸಿ ಅವಳು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದಳು. ಇಷ್ಟು ಹತ್ತಿರ ಅವನು ಬದುಕಿದ್ದಾಗಲೂ ಬಂದಿರಲಿಲ್ಲ.

ಏಪ್ರಿಲ್‌ನಲ್ಲಿ ಕಾಲುವೆಯ ನೀರು ನಿಲ್ಲಿಸಿದರು. ಸಾಲಗುಂದದ ಗೇಟಿನ ಬುಡದಲ್ಲಿ, ಹೂಳಿನೊಳಗೆ ಅವನು ಸಿಕ್ಕ. ಮುಖವೇನೂ ಉಳಿದಿರಲಿಲ್ಲ, ಮಣಿಕಟ್ಟಿಗೆ ಸುತ್ತಿಕೊಂಡಿದ್ದ ತಾಮ್ರದ ತಂತಿಯಿಂದ ಗುರುತು ಹಿಡಿದರು.

ಸುದ್ದಿ ಕೇಳಿ ಆರ್ಜೂ ಮೊದಲ ಸಲ ಗಟ್ಟಿಯಾಗಿ ಅತ್ತಳು. ಜನ ಅದನ್ನೂ ಅವನ ಅಳು ಎಂದರು. ಅವಳಿಗೆ ಭಯವಾದದ್ದು ಆಗ. ಮುಂದಿನ ಗುರುವಾರ ಜಿಲಾನಿಸಾಬರ ಕಾಲು ಹಿಡಿದು, ಎಲ್ಲ ನಾಟಕ, ಮದುವೆ ತಪ್ಪಿಸಲು ಮಾಡಿದೆ ಎಂದು ಒಂದೂ ಬಿಡದೆ ಹೇಳಿದಳು. ಮುದುಕ ಕರುಣೆಯಿಂದಲೇ ತಲೆ ಸವರಿದ. ಮೈಯಲ್ಲಿ ಕೂತವರು ಏಳಲು ಮನಸ್ಸಿಲ್ಲದಾಗ ಹೇಳುವುದೇ ಹೀಗಂತೆ.

"ನೀ ಹೇಳಿದ ಜಾಗದಾಗ ಹೆಣ ಸಿಕ್ಕತಲ್ಲಪಾ ದಾನಿಷ್," ಎಂದ. "ಇನ್ಯಾಕ ಸುಳ್ಳು?"

ಹೆಣ ಮಣ್ಣು ಮಾಡಿದ ನಲವತ್ತನೇ ದಿನದ ಫಾತಿಹಾ ಮುಗಿಸಿ ದಾನಿಷ್‌ನ ತಾಯಿ ಖಾತೂನ್‌ಬೀ ಬಾಬುಸಾಬನ ಮನೆಗೆ ಬಂದಳು. ಇದ್ದೊಬ್ಬ ಮಗನನ್ನು ಕಳೆದುಕೊಂಡ ವಿಧವೆ. ತನಗೆ ಸೇರಿದ್ದನ್ನು ಕೇಳಲು ಬಂದಿದ್ದೇನೆ ಎಂದಳು. ಈಕೆ ನನ್ನವಳು ಎಂದು ಮಗನೇ ದರ್ಗಾದಲ್ಲಿ ಹತ್ತು ಜನರ ಮುಂದೆ ಹೇಳಿದ್ದಾನೆ. ಮಗ ಯಾವ ಮೈಯಲ್ಲಿದ್ದಾನೋ ಆ ಮೈ ತನ್ನ ಮನೆಯಲ್ಲಿರಲಿ. ಹೆಣದ ಹೆಸರು ಹೊತ್ತ ಮಗಳನ್ನು ಬೇರೆ ಯಾರೂ ಕೇಳಿಕೊಂಡು ಬರುವುದಿಲ್ಲವೆಂದು ಬಾಬುಸಾಬನಿಗೆ ಗೊತ್ತಿತ್ತು. ಮದುವೆಗೆಂದು ಹೊಲಿದಿಟ್ಟಿದ್ದ ಗಾದಿಯನ್ನು ಟಂಟಂ ಆಟೊ ಮೇಲೆ ತಾನೇ ಏರಿಸಿಕೊಟ್ಟ.

ಹೀಗೆ ಆರ್ಜೂ ತಾನು ಸೊಸೆಯಾಗಿ ಕಾಲಿಡಬೇಕೆಂದಿದ್ದ ಮನೆಗೇ ಹೋದಳು. ಖಾತೂನ್‌ಬೀ ಅವನ ತಟ್ಟೆಯಲ್ಲಿ ಉಣ್ಣಲು ಹಾಕಿದಳು, ಅವನ ಅಂಗಿಗಳನ್ನು ಒಗೆದು ಅವಳಿಗೆ ಕೊಟ್ಟಳು, ದಿನವೂ ಹಗಲಿಡೀ ಮಗನೊಂದಿಗೆ ಮಾತಾಡಿದಳು. ಹೊರಗಿನ ಬಾಗಿಲಿಗೆ ಬೀಗ. ಒಮ್ಮೆ ಮುದುಕಿ ಹುಟ್ಟಿದ ವಾರಕ್ಕೇ ತೀರಿಕೊಂಡ ಮಗಳ ಮಾತೆತ್ತಿದಾಗ ಆರ್ಜೂ ತಟ್ಟನೆ, "ಕಹಕಶಾ," ಎಂದುಬಿಟ್ಟಳು. ಆ ಹೆಸರು ದಾನಿಷ್ ಯಾವಾಗಲೋ ಹೇಳಿದ್ದಿರಬೇಕು. ಯಾವಾಗ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ. ಆ ದಿನ ಅವಳು ಅವನ ತಟ್ಟೆ ಮುಟ್ಟಲಿಲ್ಲ.

ಮಳೆಗಾಲದ ಒಂದು ಶುಕ್ರವಾರ ಮಧ್ಯಾಹ್ನ ರಹೀಮಾಬೀ ಮಗಳನ್ನು ನೋಡಲು ಮಸ್ಕಿಯಿಂದ ಬಸ್ಸು ಹತ್ತಿ ಬಂದಳು. ಹೊಸ್ತಿಲ ಆಚೆಯೇ ನಿಂತು, ಪರರ ಮಗನ ಮುಂದೆ ನಿಂತಂತೆ ಸೆರಗು ಹೊದ್ದಳು.

"ದಾನಿಷ್ ಬೇಟಾ, ಒಂದ್ ನಿಮಿಷ ನನ್ನ ಮಗಳ ಕೂಡ ಮಾತಾಡಾಕ ಬಿಡಪಾ."

"ಅಮ್ಮಿ, ನಾನಾ ಅದೀನಿ. ಆರ್ಜೂ."

ರಹೀಮಾಬೀ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ಕಣ್ಣಲ್ಲಿ ನೀರು ತುಂಬಿತು. "ಆಕೀ ದನಿ ತಗೀಬ್ಯಾಡಪಾ. ನಿನ್ನ ಕಾಲಿಗೆ ಬೀಳ್ತೀನಿ."

ಆರ್ಜೂ ತಾಯಿಯನ್ನು ನೋಡಿದಳು. ತಲೆಗೂದಲು ಮೂರು ತಿಂಗಳಲ್ಲಿ ಎಷ್ಟೊಂದು ಬೆಳ್ಳಗಾಗಿತ್ತು. ಆಮೇಲೆ ಕಣ್ಣು ಮುಚ್ಚಿ, ದನಿ ದಪ್ಪ ಮಾಡಿ ಹೇಳಿದಳು: "ಆತು. ಒಂದ್ ನಿಮಿಷ ಬಿಡ್ತೀನಿ."

ಕಣ್ಣು ತೆರೆದು, "ಅಮ್ಮಿ," ಎಂದಳು.

ರಹೀಮಾಬೀ ಹೊಸ್ತಿಲು ದಾಟಿ ಓಡಿ ಬಂದು ತಬ್ಬಿಕೊಂಡಳು. ಬೆನ್ನು ಸವರಿದಳು, ತೋಳು ಹಿಡಿದು ನೋಡಿ ಎಷ್ಟು ಸೊರಗಿದ್ದೀ ಎಂದಳು, ರಾತ್ರಿ ನಿದ್ದೆ ಬರುತ್ತದಾ, ಹೊಟ್ಟೆ ತುಂಬ ಹಾಕುತ್ತಾರಾ ಎಂದು ಕೇಳಿದಳು. ಹೆಸರು ಹಿಡಿದು ಮಾತ್ರ ಕರೆಯಲಿಲ್ಲ. ಎಲ್ಲ ನಾಟಕವೆಂದು ಹೇಳಿದರೆ ಈ ತೋಳುಗಳೂ ಸಡಿಲವಾಗುತ್ತವೆಂದು ಆರ್ಜೂಗೆ ತಿಳಿದಿತ್ತು. ಆರಾಮ ಇದ್ದೇನೆ, ನಿದ್ದೆ ಬರುತ್ತದೆ, ಉಣ್ಣುತ್ತೇನೆ ಎಂದು ಒಂದೊಂದಕ್ಕೂ ಉತ್ತರ ಕೊಟ್ಟಳು.

ಅಡಿಗೆಮನೆಯಿಂದ ಖಾತೂನ್‌ಬೀ ಮೆಲ್ಲಗೆ ಹೇಳಿದಳು. "ನಿಮಿಷ ಆತ್ರೀ. ನಮ್ಮ ಹುಡುಗ ಉಣ್ಣೋ ಹೊತ್ತಾತು."

ರಹೀಮಾಬೀ ತಾನೇ ಕೈ ಬಿಡಿಸಿಕೊಂಡಳು. ಸೆರಗಿನಿಂದ ಮಗಳ ಮುಖ ಒರೆಸಿ, ಎದುರಿಗೆ ನಿಂತು, ಅವಳ ರೆಪ್ಪೆಗಳನ್ನೇ ನೋಡುತ್ತಾ ಕಾದಳು. ಆರ್ಜೂ ಕಣ್ಣು ಮುಚ್ಚಿದಳು.