ಕಪಾಟು ಸೇರಿದ ಊರು

ನಾನು ಒಂದು ಬಟ್ಟೆಯ ನಕ್ಷೆ. ಶಾಲೆಯಲ್ಲಿ ಕಲಿಸುವ ಮಹಾನಂದಾ ಅಕ್ಕೋರು ಬೇಸಿಗೆ ರಜೆಯಿಡೀ ಕೂತು, ತಮ್ಮ ತಾಯಿ ಹೊದೆಯುತ್ತಿದ್ದ ಹಳೆಯ ಕೌದಿಯ ಮೇಲೆ ನನ್ನನ್ನು ಹೊಲಿದರು. ನೀಲಿ ರವಿಕೆಯ ತುಂಡು ನೀರಿನ ಟಾಕಿಯಾಯಿತು, ಸೀರೆಯ ಕೆಂಪು ಅಂಚುಗಳು ಓಣಿಗಳಾದವು. ಪಂಚಾಯಿತಿ, ರೇಶನ್ ಅಂಗಡಿ, ದವಾಖಾನೆ, ಎಲ್ಲಕ್ಕೂ ಜಾಗ ಸಿಕ್ಕಿತು. ಒಂದಿಡೀ ಊರು ನನ್ನ ಮೈಮೇಲೆ ಹುಟ್ಟಿತು.

ಐದನೆಯ ತರಗತಿಗೆ ಪಂಚಾಯಿತಿಯ ಪಾಠ ಬಂದಾಗ ಅಕ್ಕೋರು ನನ್ನನ್ನು ನೆಲಕ್ಕೆ ಹಾಸಿದರು. ಚೆನ್ನಾಗಿ ಓದಬಲ್ಲವರು ಪಂಚಾಯಿತಿಯ ಕೆಲಸಗಳನ್ನು ಚೀಟಿಯಲ್ಲಿ ಬರೆದು ನನ್ನ ಮೇಲಿಟ್ಟರು. ಇನ್ನೂ ಅಕ್ಷರ ಕೂಡಿಸುತ್ತಿದ್ದವರಿಗೆ ಬೀದಿದೀಪ, ಚರಂಡಿಗಳ ಚಿತ್ರಗಳು ಸಿಕ್ಕವು. ಯಮನವ್ವನಿಗೆ ಎರಡೂ ಒಗ್ಗಲಿಲ್ಲ. ಕಬ್ಬು ಕಡಿಯುವ ತಂದೆತಾಯಿಯ ಜೊತೆ ಅರ್ಧ ವರ್ಷ ಊರೂರು ಅಲೆಯುವ ಹುಡುಗಿ ಅವಳು. ಪುಸ್ತಕ ಕಂಡರೆ ಮೂಲೆ ಸೇರುತ್ತಿದ್ದಳು. ಅಕ್ಕೋರು ಅವಳ ಕೈಗೆ ದಾರದ ಉಂಡೆ ಕೊಟ್ಟರು.

"ಟಾಕಿ ನೀರು ಎಲ್ಲೀತನಕ ಹೋಗತೈತಿ, ತೋರಿಸವ್ವಾ."

ಯಮನವ್ವ ನನ್ನ ಮೇಲೆ ಮಂಡಿಯೂರಿದಳು. ದಾರ ದೊಡ್ಡ ಓಣಿಯ ತನಕ ಬಂದು ನಿಂತಿತು.

"ಮುಂದ ಇಲ್ರಿ ಅಕ್ಕೋರ. ನಮ್ಮ ಓಣಿಗಿ ನಳಾನ ಇಲ್ಲ."

ತರಗತಿ ಅವಳ ದನಿ ಕೇಳಿದ್ದು ಅದೇ ಮೊದಲು.

ಆ ವಾರ ಪಂಚಾಯಿತಿ ಸದಸ್ಯ ಈರಸಂಗಪ್ಪನವರು ಶಾಲೆಗೆ ಅತಿಥಿಯಾಗಿ ಬಂದರು. ಯಮನವ್ವ ದಾರದ ತುದಿ ಹಿಡಿದು ನೇರವಾಗಿ ಕೇಳಿಬಿಟ್ಟಳು: "ಇದು ಇಲ್ಲೇ ಯಾಕ ನಿಂತೈತ್ರಿ?" ಮಕ್ಕಳು ನಕ್ಕರು. ಈರಸಂಗಪ್ಪನವರು ನಗಲಿಲ್ಲ, ಚಹಾ ಕುಡಿಯದೆ ಎದ್ದು ಹೋದರು.

ಹೆಡ್‌ಮಾಸ್ತರ ಗುರುಪಾದಪ್ಪನವರು ನನ್ನನ್ನು ಮಡಚತೊಡಗಿದರು. "ನಮ್ಮ ಕಾಂಪೌಂಡ್ ಗೋಡಿ ಮಂಜೂರಾಗೂದು ಅವ್ರ ಕೈಯಾಗೈತ್ರಿ ಅಕ್ಕೋರ. ಪುಸ್ತಕದಾಗ ಇದ್ದದ್ದಷ್ಟ ಹೇಳ್ರಿ. ಎಲ್ಲಾರಿಗೂ ಒಂದ ಪಾಠ, ಒಂದ ಉತ್ತರ." ಹೇಳುತ್ತಲೇ ಎರಡು ಸಲ ಬಾಗಿಲಾಚೆ ಇಣುಕಿದರು. ಅದು ಸಿಟ್ಟಲ್ಲ, ಅಂಜಿಕೆ.

ಕಪಾಟಿನ ಕೀಲಿ ತಿರುಗಿತು. ಮಡಿಕೆಯೊಳಗೆ ಟಾಕಿ ಪಂಚಾಯಿತಿಯ ಮೇಲೆ ಕವುಚಿತ್ತು, ದವಾಖಾನೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಒಮ್ಮೆ ಬಾಗಿಲ ಸಂದಿಯಲ್ಲಿ ಸಣ್ಣ ಬೆರಳೊಂದು ತೂರಿ ನನ್ನನ್ನು ತಡವಿತು. "ಒಳಗ ಐತಿ," ಎಂದಳು ಯಮನವ್ವ, ಯಾರಿಗೋ. ಆಮೇಲೆ ಕಬ್ಬಿನ ಸುಗ್ಗಿ ಬಂತು, ಅವಳು ಹೋದಳು.

ನನ್ನನ್ನು ಹೊರತೆಗೆಯಲು ಅಕ್ಕೋರು ಕೇಳಿದಾಗಲೆಲ್ಲ ಗುರುಪಾದಪ್ಪನವರಿಂದ "ನೋಡೂಣ್ರಿ" ಎಂಬ ಉತ್ತರ. ಕೊನೆಗೆ ಅವರಿಗೆ ವರ್ಗವಾಯಿತು. ಹೊರಡುವ ದಿನ ಗುರುಪಾದಪ್ಪನವರೇ ಕಪಾಟು ತೆರೆದರು. "ಒಯ್ರಿ. ನೀವ ಹೊಲಿದದ್ದು."

ಅಕ್ಕೋರು ನನ್ನ ಮೇಲೆ ಕೈಯಾಡಿಸಿದರು. "ಬ್ಯಾಡ್ರಿ ಸರ್. ನಾ ಒಯ್ದರ ಇವರಿಗಿ ಏನೂ ಉಳಿಯೂದಿಲ್ಲ. ಯಾರರ ಒಬ್ಬರು ತಗೀತಾರ." ಬಾಗಿಲನ್ನು ಅವರೇ ಮುಚ್ಚಿದರು. ಪ್ರೀತಿಯಿಂದ ಹಾಕಿದ ಬಾಗಿಲಿನ ಮೇಲೆ ಸಿಟ್ಟು ಮಾಡುವುದು ಹೇಗೆ?

ಯಾರೋ ತೆಗೆದರು, ನಿಜ. ಈಗ ಶಾಲೆಯ ಟಿವಿಗೆ ನಾನು ಹೊದಿಕೆ. ಊರಿರುವ ಮಗ್ಗುಲು ಒಳಗೆ, ಬೋಳು ಬೆನ್ನು ಹೊರಗೆ. ಮೈಯೆಲ್ಲ ಜಾಳಾಗಿದೆ. ನನ್ನ ಬೆನ್ನ ಹಿಂದೆ ಮಕ್ಕಳು ನಾಗರಿಕರ ಹಕ್ಕುಗಳನ್ನು ಒಕ್ಕೊರಲಿನಿಂದ ಒಪ್ಪಿಸುತ್ತಾರೆ. ದನಿ ಕೋಣೆ ತುಂಬುತ್ತದೆ. ಅದರಲ್ಲಿ ಸೇರದೆ ಸುಮ್ಮನೆ ಕೂತವರು ಯಾರೋ, ಗಾಜಿಗೆ ಮುಖವೊತ್ತಿಕೊಂಡ ನನಗೆ ಕಾಣುವುದಿಲ್ಲ. ಒಬ್ಬರಾದರೂ ಇದ್ದೇ ಇರುತ್ತಾರೆ.